ಟೂರಿಂಗ್ ಬೈಕಿಗೆ ಒಂದು ಸೈಲೆನ್ಸರ್ ಸಾಕಾ, ಎರಡು ಬೇಕಾ?

ಪ್ರಶ್ನೆ: ನನ್ನದು 650 ಸಿಸಿ, ಎರಡು ಸಿಲಿಂಡರಿನ ಬೈಕ್. ಕಂಪನಿಯಿಂದ ಬರುವಾಗಲೇ ಎರಡೂ ಕಡೆ ಒಂದೊಂದು ಸೈಲೆನ್ಸರ್ ಇದೆ. ಇನ್ನು ಮೇಲೆ ಹೆಂಡತಿಯ ಜೊತೆ, ಪ್ಯಾನಿಯರ್ (ಹಿಂದೆ ಎರಡೂ ಬದಿಗೆ ಕೂರಿಸುವ ಲಗೇಜು ಡಬ್ಬಿ) ಕಟ್ಟಿಕೊಂಡು, ದಿನಕ್ಕೆ 400-500 ಕಿ.ಮೀ. ಲೆಕ್ಕದಲ್ಲಿ ದೂರದ ಪ್ರವಾಸ ಹೋಗಬೇಕೆಂದಿದ್ದೇನೆ. ಎರಡನ್ನೂ ತೆಗೆದು ಒಂದೇ ಸೈಲೆನ್ಸರ್ ಹಾಕಿಸಿದರೆ ಪಿಕಪ್ ಜಾಸ್ತಿ ಆಗುತ್ತದೆ, ಭಾರವೂ ಇಳಿಯುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಎರಡಿದ್ದರೇನೇ ಇಂಜಿನ್ ಸಲೀಸಾಗಿ ಉಸಿರಾಡೋದು, ಓಟವೂ ನಯ ಎಂದು ಗೆಳೆಯ ಹೇಳುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಇಬ್ಬರೂ ಬೈಕಿನ ಹಿಂದೆ ನಿಂತು ಸೈಲೆನ್ಸರ್ ಎಣಿಸುತ್ತಿದ್ದಾರೆ. ನೀವು ಬೇರೆ ಕಡೆಯಿಂದ ನೋಡಿ. ಬೈಕ್ ಪೂರ್ತಿ ತಣ್ಣಗಾದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ನೆಲಕ್ಕೆ ಒಂದು ಹಳೇ ಬಟ್ಟೆ ಹಾಸಿ ಮಲಗಿ, ಟಾರ್ಚ್ ಹಿಡಿದು ಇಂಜಿನ್ ಕೆಳಗೆ ಕಣ್ಣು ಹಾಯಿಸಿ. ಎರಡು ಬೆಂಡ್ ಪೈಪ್‌ಗಳು ಇಂಜಿನ್ನಿನಿಂದ ಇಳಿದು ಬಂದು ಏನು ಮಾಡುತ್ತವೆ ಎಂದು ನೋಡಿ. ಕೊನೆವರೆಗೂ ಬೇರೆ ಬೇರೆಯಾಗಿಯೇ ಹೋಗುತ್ತವಾ? ನಡುವೆ ಒಂದು ಅಡ್ಡ ಪೈಪ್ ಇದೆಯಾ? ಅಥವಾ ಎರಡೂ ಒಂದು ಡಬ್ಬಿಯೊಳಗೆ ಸೇರಿ, ಅಲ್ಲಿಂದ ಮತ್ತೆ ಕವಲೊಡೆದು ಎಡಕ್ಕೊಂದು ಬಲಕ್ಕೊಂದು ಹೋಗುತ್ತವಾ?

ಈ ಮೂರರಲ್ಲಿ ನಿಮ್ಮದು ಯಾವುದು ಎಂಬುದೇ ಮುಖ್ಯ. ಸೈಲೆನ್ಸರ್ ಎಷ್ಟು ಎಂಬುದು ಆಮೇಲಿನ ಮಾತು. ಎರಡು ಸೈಲೆನ್ಸರ್ ಇರುವ ಎಷ್ಟೋ ಬೈಕುಗಳಲ್ಲಿ ಕೆಳಗೆ ಪೈಪ್‌ಗಳು ಆಗಲೇ ಸೇರಿಕೊಂಡಿರುತ್ತವೆ. ಅಂಥ ಬೈಕಿಗೆ ಒಂದೇ ಸೈಲೆನ್ಸರ್ ಹಾಕಿಸಿದರೆ ನಿಮಗೆ ಸಿಗುವುದು ಭಾರದ ಉಳಿತಾಯ ಅಷ್ಟೇ. ಪೈಪ್ ಸೇರಿದ್ದರಿಂದ ಬರಬೇಕಾದ ಲಾಭ ಕಂಪನಿಯವರು ಕೊಟ್ಟಾಗಿರುತ್ತದೆ.

ಆ ಲಾಭ ಏನು ಅಂತ ಹೇಳುತ್ತೇನೆ, ಯಾಕೆಂದರೆ ಇಡೀ ಗೊಂದಲ ಹುಟ್ಟುವುದೇ ಇಲ್ಲಿ. ಇಂಜಿನ್ನಿನ ಹೊಗೆ ನಲ್ಲಿ ನೀರಿನ ಹಾಗೆ ಒಂದೇ ಸಮ ಹರಿದು ಬರುವುದಿಲ್ಲ. ಏಟು ಏಟಾಗಿ ಬರುತ್ತದೆ. 4000 ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ, ಎರಡು ಸುತ್ತಿಗೊಮ್ಮೆಯಂತೆ ಒಂದೊಂದು ಸಿಲಿಂಡರ್ ಸೆಕೆಂಡಿಗೆ ಸುಮಾರು 33 ಸಲ ಹೊಗೆ ಉಗುಳುತ್ತದೆ. ಪ್ರತಿ ಸಲವೂ ಒಂದು ಒತ್ತಡದ ಅಲೆ ಬಿಸಿ ಪೈಪಿನೊಳಗೆ ಸೆಕೆಂಡಿಗೆ 500 ಮೀಟರಿನ ಆಸುಪಾಸಿನ ವೇಗದಲ್ಲಿ ಓಡುತ್ತದೆ. ಪೈಪ್ ಇದ್ದಕ್ಕಿದ್ದಂತೆ ಅಗಲವಾಗುವ ಕಡೆ, ಅಂದರೆ ಎರಡು ಪೈಪ್ ಸೇರುವ ಜಾಗದಲ್ಲೋ ಸೈಲೆನ್ಸರಿನ ಬಾಯಲ್ಲೋ, ಆ ಅಲೆಯ ಒಂದು ಪಾಲು ಇಂಜಿನ್ ಕಡೆಗೆ ವಾಪಸ್ ತಿರುಗುತ್ತದೆ. ಹೋಗುವಾಗ ದೂಡುತ್ತಿದ್ದದ್ದು ಬರುವಾಗ ಎಳೆಯುತ್ತದೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ತೆರೆದುಕೊಳ್ಳುವ ಒಂದು ಚಿಕ್ಕ ಗಳಿಗೆ ಇದೆಯಲ್ಲ, ಆ ಎಳೆತ ಸರಿಯಾಗಿ ಆ ಗಳಿಗೆಗೆ ಬಂದು ಮುಟ್ಟಿದರೆ ಉಳಿದ ಹೊಗೆಯನ್ನೂ ಹೊರಗೆಳೆದು, ಹೊಸ ಗಾಳಿಯನ್ನೂ ಒಳಗೆ ಕರೆಯುತ್ತದೆ. ತಪ್ಪಿ ಒತ್ತಡದ ಅಲೆ ಬಂದರೆ ಅದೇ ಆರ್‌ಪಿಎಂನಲ್ಲಿ ಬೈಕ್ ಮಂಕಾಗುತ್ತದೆ.

ಎರಡು ಪೈಪ್ ಕೊನೆವರೆಗೂ ಬೇರೆಯಾಗಿಯೇ ಹೋದರೆ ಒಂದು ಸಿಲಿಂಡರಿಗೆ ಇನ್ನೊಂದರ ಸಹಾಯ ಸಿಗುವುದಿಲ್ಲ. ಸರಿಯಾದ ಜಾಗದಲ್ಲಿ ಸೇರಿಸಿದರೆ ಸಿಗುತ್ತದೆ, ಅದೂ ಹೆಚ್ಚಾಗಿ ನಡುವಿನ ಆರ್‌ಪಿಎಂನಲ್ಲಿ. ನಿಮ್ಮ ಮೆಕ್ಯಾನಿಕ್ ಪಿಕಪ್ ಅಂದದ್ದು ಇದನ್ನೇ. ಆದರೆ ಸೇರಿಸಿದರೆ ಸಾಕು ಅಂತಲ್ಲ. ಸೇರುವವರೆಗೆ ಪೈಪ್ ಎಷ್ಟು ಉದ್ದ ಇದೆ ಎಂಬುದು ಲೆಕ್ಕಕ್ಕೆ ಬರುತ್ತದೆ. ಉದ್ದ ಪೈಪ್ ಕಡಿಮೆ ಆರ್‌ಪಿಎಂಗೆ ಒಳ್ಳೆಯದು, ಗಿಡ್ಡ ಪೈಪ್ ಜಾಸ್ತಿ ಆರ್‌ಪಿಎಂಗೆ. ಎರಡು ಏಟುಗಳ ನಡುವಿನ ಅಂತರವೂ ಒಂದೊಂದು ಇಂಜಿನ್ನಿಗೆ ಒಂದೊಂದು ತರ. ಪಿಸ್ಟನ್‌ಗಳು ತಿರುಗಿಸುವ ದಂಡಕ್ಕೆ ಕ್ರ್ಯಾಂಕ್ ಎನ್ನುತ್ತಾರೆ, ಅದು ಎಷ್ಟು ಡಿಗ್ರಿ ತಿರುಗಿತು ಎಂಬುದರಲ್ಲೇ ಈ ಅಂತರ ಅಳೆಯುವುದು. 360 ಡಿಗ್ರಿ ಕ್ರ್ಯಾಂಕ್ ಇರುವ ಎರಡು ಸಿಲಿಂಡರಿನ ಇಂಜಿನ್ನಿನಲ್ಲಿ ಏಟುಗಳು ಸಮವಾಗಿ ಬೀಳುತ್ತವೆ. 270 ಡಿಗ್ರಿ ಕ್ರ್ಯಾಂಕಿನಲ್ಲಿ ಒಂದು ಅಂತರ 270 ಡಿಗ್ರಿ, ಇನ್ನೊಂದು 450. 180 ಡಿಗ್ರಿಯದಾದರೆ 180 ಮತ್ತು 540. 45 ಡಿಗ್ರಿಯ ಸಾಮಾನ್ಯ ವಿ-ಟ್ವಿನ್ನಿನಲ್ಲಿ (ಎರಡು ಸಿಲಿಂಡರ್ V ಆಕಾರದಲ್ಲಿ ಕೂತ ಇಂಜಿನ್) 315 ಮತ್ತು 405. ಅಂತರ ಹೀಗೆ ಏರುಪೇರಾದಾಗ ಎರಡು ಸಿಲಿಂಡರಿಗೂ ಲಾಭ ಒಂದೇ ಸಮ ಸಿಗುವುದಿಲ್ಲ. ಹಾಗಾಗಿ ಬೇರೆ ಇಂಜಿನ್ನಿಗೆ ಚೆನ್ನಾಗಿ ಕೂತ ಪೈಪನ್ನು ತಂದು ಬೆಸುಗೆ ಹಾಕಿ ನಿಮ್ಮದಕ್ಕೆ ಕೂರಿಸುತ್ತೇನೆ ಅಂದರೆ ಒಪ್ಪಬೇಡಿ. ನಿಮ್ಮ ಮಾಡೆಲ್ಲಿಗೇ ಅಂತ ಮಾಡಿದ್ದಾದರೆ ಮಾತ್ರ ಯೋಚಿಸಿ.

ಇನ್ನು ಗೆಳೆಯರ ಮಾತು. ಓಟ ನಯವಾಗಿರುವುದಕ್ಕೂ ಸೈಲೆನ್ಸರ್ ಸಂಖ್ಯೆಗೂ ಸಂಬಂಧ ಇಲ್ಲ. ಅದು ಕ್ರ್ಯಾಂಕ್, ನಡುಕ ತಗ್ಗಿಸುವ ಬ್ಯಾಲೆನ್ಸರ್ ಮತ್ತು ಇಂಜಿನ್ ಮೌಂಟಿಂಗ್‌ಗಳ ಕೆಲಸ. ಉಸಿರಾಟದ ಮಾತು ಮಾತ್ರ ಅರ್ಧ ಸರಿ. ಸದ್ದನ್ನು ಅಡಗಿಸಲು ಸೈಲೆನ್ಸರಿನೊಳಗೆ ಜಾಗ ಬೇಕು. ಜಾಗ ಕಡಿಮೆ ಇದ್ದರೆ ಅಡ್ಡ ಗೋಡೆಗಳನ್ನು ಜಾಸ್ತಿ ಹಾಕಿ ಹೊಗೆಯನ್ನು ಸುತ್ತಿಸಬೇಕಾಗುತ್ತದೆ. ಎರಡು ಸೈಲೆನ್ಸರ್ ಇದ್ದರೆ ಒಟ್ಟು ಜಾಗ ದೊಡ್ಡದು, ಆದ್ದರಿಂದ ಹೊಗೆಯನ್ನು ಅಷ್ಟು ತಡೆಯದೆಯೇ ಸದ್ದು ಇಳಿಸಬಹುದು. ಹೋಂಡಾ ಗೋಲ್ಡ್ ವಿಂಗ್ ಆರು ಸಿಲಿಂಡರಿನ 1800 ಸಿಸಿ ಬೈಕ್. ಅದಕ್ಕೆ ಆಚೆಗೊಂದು ಈಚೆಗೊಂದು ಸೈಲೆನ್ಸರ್ ಕೊಟ್ಟಿರುವುದು ಸುಮ್ನೆ ಅಂದಕ್ಕಲ್ಲ. ಆದರೆ 650 ಸಿಸಿಗೆ ಒಂದು ಒಳ್ಳೆ ಅಳತೆಯ ಸೈಲೆನ್ಸರ್ ಧಾರಾಳವಾಗಿ ಸಾಕು.

ಕಂಪನಿಗಳೇ ಮನಸ್ಸು ಬದಲಿಸಿದ ಉದಾಹರಣೆಗಳೂ ಇವೆ. ಸುಜುಕಿ ವಿ-ಸ್ಟ್ರಾಮ್ 1000 ಬೈಕ್ 2002ರಲ್ಲಿ ಬಂದಾಗ ಎರಡೂ ಕಡೆ ಎತ್ತರದಲ್ಲಿ ಸೈಲೆನ್ಸರ್ ಇತ್ತು. 2014ರ ಹೊಸ ಮಾಡೆಲ್ಲಿಗೆ ಒಂದೇ. ಕವಾಸಾಕಿ ನಿಂಜಾ 1000 ಕೂಡ ಮೊದಲು ಎರಡು ಸೈಲೆನ್ಸರಿನದು, 2020ರಿಂದ ಒಂದೇ. ಎರಡೂ ಊರೂರು ಸುತ್ತುವವರು ಕೊಳ್ಳುವ ಬೈಕುಗಳೇ ಅಲ್ವಾ.

ಆದರೆ ಪಿಕಪ್ ಲೆಕ್ಕ ಇಲ್ಲಿಗೆ ನಿಲ್ಲಿಸೋಣ, ಯಾಕೆಂದರೆ ಪ್ರವಾಸದಲ್ಲಿ ಅದು ನೀವು ಅಂದುಕೊಂಡಷ್ಟು ಉಪಯೋಗಕ್ಕೆ ಬರುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ 100 ಕಿ.ಮೀ. ವೇಗ ಕಾಯ್ದುಕೊಳ್ಳಲು ಲಗೇಜು ಹೇರಿದ ಬೈಕಿಗೂ 15 ಹಾರ್ಸ್‌ಪವರ್ ಆಸುಪಾಸು ಸಾಕು. ನಿಮ್ಮ ಬೈಕಿನಲ್ಲಿ ಅದರ ಮೂರು ಪಟ್ಟು ಇದೆ. ಸೈಲೆನ್ಸರ್ ಮಾರುವವರು ತೋರಿಸುವ ಗ್ರಾಫ್ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಅಳೆದದ್ದು. ನೀವು ದಿನದ ಹೆಚ್ಚಿನ ಹೊತ್ತು ತಿರುಗಿಸಿರುವುದು ಕಾಲು ಭಾಗವೂ ಇರುವುದಿಲ್ಲ. ಇಬ್ಬರು ಕೂತು ಲಗೇಜು ಹೇರಿ ಏರು ಹತ್ತುವಾಗ ನಡುವಿನ ಆರ್‌ಪಿಎಂನ ಎಳೆತ ಗೊತ್ತಾಗುತ್ತದೆ, ಅದು ನಿಜ. ಆದರೆ ಅಲ್ಲಿ ಒಂದು ಗೇರ್ ಇಳಿಸಿದರೆ ಸಿಗುವಷ್ಟು ಯಾವ ಸೈಲೆನ್ಸರೂ ಕೊಡುವುದಿಲ್ಲ.

ನಿಮ್ಮ ಪ್ರವಾಸದ ಸುಖ ನಿಂತಿರುವುದು ಬೇರೆ ಮೂರು ನಾಲ್ಕು ವಿಷಯಗಳ ಮೇಲೆ. ಸೈಲೆನ್ಸರ್ ಕೊಳ್ಳುವಾಗ ಅವನ್ನು ಯಾರೂ ಹೇಳುವುದಿಲ್ಲ.

ಮೊದಲನೆಯದು ಬ್ಯಾಗು. ನಿಮ್ಮ ಎರಡು ಸೈಲೆನ್ಸರ್ ಕೆಳಗೆ ಮಲಗಿದಂತೆ ಇದ್ದರೆ ಪ್ಯಾನಿಯರ್ ಎರಡೂ ಕಡೆ ಒಂದೇ ಅಳತೆಯದು ಕೂರುತ್ತದೆ, ಬೈಕಿನ ಅಗಲವೂ ಹಿಡಿತದಲ್ಲಿರುತ್ತದೆ. ಒಂದೇ ಸೈಲೆನ್ಸರ್ ಮೇಲಕ್ಕೆ ಎದ್ದು ನಿಂತ ತರದ್ದಾದರೆ ಆ ಕಡೆಯ ಪ್ಯಾನಿಯರನ್ನು ಅದಕ್ಕೆ ಜಾಗ ಬಿಟ್ಟು ಕೂರಿಸಬೇಕು. ಆಗ ಒಂದೋ ಆ ಕಡೆಯ ಡಬ್ಬಿ ಚಿಕ್ಕದಾಗುತ್ತದೆ, ಇಲ್ಲ ಎರಡನ್ನೂ ಸಮ ಮಾಡಲು ಹೋಗಿ ಬೈಕ್ ಹಿಂದೆ ತೀರಾ ಅಗಲವಾಗುತ್ತದೆ. ಅಗಲವಾದ ಹಿಂಭಾಗ ಎರಡು ವಾಹನಗಳ ನಡುವೆ ನುಗ್ಗುವಾಗ ನೆನಪಾಗುವುದಿಲ್ಲ, ತಾಗಿದ ಮೇಲೆ ನೆನಪಾಗುತ್ತದೆ. ಹಾಗಂತ ಒಂದು ಅನುಕೂಲವೂ ಇದೆ. ಸೈಲೆನ್ಸರ್ ಇಲ್ಲದ ಕಡೆ ರ‍್ಯಾಕಿನ ಹಿಂದೆ ಉಳಿಯುವ ಖಾಲಿ ಜಾಗದಲ್ಲಿ ಸ್ಪ್ಯಾನರು, ಪಂಕ್ಚರ್ ಕಿಟ್ ಇಡುವ ಉದ್ದನೆ ಕೊಳವೆ ಡಬ್ಬಿಯನ್ನು ಕಟ್ಟಬಹುದು. ಎದುರು ಬದಿಯ ಸೈಲೆನ್ಸರಿನ ಭಾರಕ್ಕೆ ಅದು ಸಮತೂಕವೂ ಆಗುತ್ತದೆ.

ನಿಮ್ಮದು ಬಟ್ಟೆಯ ಸ್ಯಾಡಲ್ ಬ್ಯಾಗ್ ಆದರೆ ಎರಡು ಸೈಲೆನ್ಸರ್ ಅಂದರೆ ಸುಡುವ ಜಾಗ ಎರಡು. ಮನೆಯಲ್ಲಿ ಕಟ್ಟಿ ನೋಡಿದಾಗ ನಾಲ್ಕು ಬೆರಳು ಅಂತರ ಇರುತ್ತದೆ. ಮಳೆ ಬಂದು ಬ್ಯಾಗ್ ನೆನೆದು ಭಾರವಾಗಿ, ಪಟ್ಟಿ ಸಡಿಲಗೊಂಡು, ಗುಂಡಿ ಬಿದ್ದ ರಸ್ತೆಯಲ್ಲಿ ಎರಡು ಗಂಟೆ ಕುಣಿದ ಮೇಲೆ ಆ ನಾಲ್ಕು ಬೆರಳು ಉಳಿದಿರುವುದಿಲ್ಲ. ಬ್ಯಾಗಿನ ತಳ ಸೈಲೆನ್ಸರಿಗೆ ಅಂಟಿ ಕರಗಿದರೆ ಮೊದಲು ಮೂಗಿಗೆ ಗೊತ್ತಾಗುತ್ತದೆ, ಸುಟ್ಟ ಪ್ಲಾಸ್ಟಿಕ್ಕಿನ ಘಾಟು. ಅಷ್ಟರಲ್ಲಿ ಒಳಗಿದ್ದ ಬಟ್ಟೆಗೂ ತೂತು. ಆದ್ದರಿಂದ ಪಟ್ಟಿಗಳನ್ನು ನಂಬಬೇಡಿ. ಬ್ಯಾಗ್ ಕೆಳಗಿಳಿಯದಂತೆ ಕಬ್ಬಿಣದ ರ‍್ಯಾಕ್ ಹಾಕಿಸಿ.

ಎರಡನೆಯದು ಹಿಂದೆ ಕೂರುವವರು. ನಿಮ್ಮ ಪ್ರಶ್ನೆಯಲ್ಲಿ ಹೆಂಡತಿಯ ಹೆಸರು ಬಂತು, ಆದರೆ ಅವರ ಕಾಲಿನ ಮಾತು ಬರಲಿಲ್ಲ. ಪಿಕಪ್ಪಿಗಿಂತ ಇದು ದೊಡ್ಡ ವಿಷಯ. ಅವರನ್ನು ಬೈಕ್ ಮೇಲೆ ಕೂರಿಸಿ, ಶೂ ಹಾಕಿಸಿ, ಹಿಮ್ಮಡಿ ಎಲ್ಲಿ ಬರುತ್ತದೆ ನೋಡಿ. ಇಳಿಯುವಾಗ ಕಾಲು ಎಲ್ಲಿಗೆ ತಗಲುತ್ತದೆ ನೋಡಿ. ಎರಡೂ ಕಡೆ ಸೈಲೆನ್ಸರ್ ಇದ್ದರೆ ಯಾವ ಕಡೆ ಇಳಿದರೂ ಒಂದು ಬಿಸಿ ಪೈಪ್ ದಾಟಬೇಕು. ಒಂದೇ ಇದ್ದು, ಅದು ಬಲಗಡೆ ಇದ್ದರೆ ಎಡದಿಂದ ಹತ್ತಿ ಎಡಕ್ಕೇ ಇಳಿಯಬಹುದು. ಹತ್ತೂ ಹದಿನೈದು ಸಲ ನಿಲ್ಲಿಸಿ ಇಳಿದು ಹತ್ತುವ ದಿನ ಸಂಜೆ ಹೊತ್ತಿಗೆ ಕಾಲು ಸೋತಿರುತ್ತದೆ, ಗಮನ ತಪ್ಪಿರುತ್ತದೆ. ಕಣಕಾಲಿಗೆ ಸುಟ್ಟ ಗಾಯ ಆಗುವುದು ಆವಾಗಲೇ. ನೀವು ಎರಡನ್ನೇ ಉಳಿಸಿಕೊಳ್ಳುವುದಾದರೆ ಹಿಂದಿನ ಫುಟ್‌ರೆಸ್ಟಿನ ಹತ್ತಿರ ಶಾಖ ತಡೆಯುವ ತಗಡು ಹಾಕಿಸಿ, ಅವರಿಗೆ ಕಣಕಾಲು ಮುಚ್ಚುವ ಬೂಟು ಕೊಡಿಸಿ.

ಮೂರನೆಯದು ಹಿಂದಿನ ಚಕ್ರ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಎರಡು ಸೈಲೆನ್ಸರಿನ ಟ್ಯೂಬ್ ಟೈರ್ ಬೈಕಿನಲ್ಲಿ ದೂರ ಹೊರಟಿದ್ದೆ. ಸಂಜೆ, ಸಣ್ಣ ಮಳೆ, ಹಿಂದಿನ ಟೈರು ಪಂಕ್ಚರ್. ಟ್ಯೂಬ್ ಇತ್ತು, ಲಿವರ್ ಇತ್ತು, ಪಂಪ್ ಇತ್ತು. ಆಕ್ಸಲ್ಲಿನ (ಚಕ್ರದ ನಡುವೆ ಹಾಯುವ ಸಲಾಕೆ) ನಟ್ ಬಿಚ್ಚಿ ಆಕ್ಸಲ್ ತಟ್ಟಿದೆ. ಒಂದು ಗೇಣು ಹೊರಬಂದು ಟಣ್ ಅಂತ ಸೈಲೆನ್ಸರಿಗೆ ತಾಗಿ ನಿಂತಿತು. ಸೈಲೆನ್ಸರ್ ತೆಗೆಯದೆ ಆಕ್ಸಲ್ ಬರುವಂತಿಲ್ಲ. ಸೈಲೆನ್ಸರ್ ಕ್ಲಾಂಪಿನ ಬೋಲ್ಟ್ ತುಕ್ಕು ಹಿಡಿದು ಕೂತಿತ್ತು. ಸ್ಪ್ಯಾನರ್ ಎರಡು ಸಲ ಜಾರಿತು, ಬೋಲ್ಟಿನ ತಲೆ ಉರುಟಾಯಿತು. ಕೊನೆಗೆ ಹಿಂದಿನ ಮೌಂಟಿಂಗ್ ಬೋಲ್ಟ್ ಮಾತ್ರ ಬಿಚ್ಚಿ, ಸೈಲೆನ್ಸರನ್ನು ಹೊರಕ್ಕೆ ಬಲವಾಗಿ ಎಳೆದು ಹಿಡಿದು ಆಕ್ಸಲ್ ತೆಗೆದೆ. ಅಷ್ಟು ಎಳೆದದ್ದರಿಂದ ಮುಂದಿನ ಸೇರುವೆ ಸಡಿಲವಾಗಿ, ಉಳಿದ ದಾರಿಯೆಲ್ಲ ಆಕ್ಸಿಲರೇಟರ್ ಬಿಟ್ಟಾಗ ಪಟ್ ಪಟ್ ಅಂತ ಸಿಡಿಯುತ್ತಿತ್ತು. ಅಂದಿನಿಂದ ಯಾರು ಸೈಲೆನ್ಸರ್ ಬಗ್ಗೆ ಕೇಳಿದರೂ ನಾನು ಮೊದಲು ಕೇಳುವ ಪ್ರಶ್ನೆ: ಆಕ್ಸಲ್ ಯಾವ ಕಡೆಯಿಂದ ಬರುತ್ತದೆ, ದಾರಿಯಲ್ಲಿ ಏನು ಅಡ್ಡ ಇದೆ?

ಮನೆಯಲ್ಲೇ ಒಮ್ಮೆ ಹಿಂದಿನ ಚಕ್ರ ಬಿಚ್ಚಿ ನೋಡಿ. ಸಲೀಸಾಗಿ ಬಂದರೆ ಎರಡು ಸೈಲೆನ್ಸರ್ ಇಟ್ಟುಕೊಳ್ಳಲು ದೊಡ್ಡ ಅಡ್ಡಿ ಹೋಯಿತು. ಅಡ್ಡ ಬಂದರೆ, ನಿಮ್ಮದು ಟ್ಯೂಬ್ ಟೈರೂ ಆದರೆ, ಒಂದೇ ಸೈಲೆನ್ಸರ್ ಕಡೆಗೆ ನನ್ನ ಮನಸ್ಸು ಸ್ವಲ್ಪ ವಾಲುತ್ತದೆ. ಚೈನ್ ಇರುವ ಕಡೆ ಸೈಲೆನ್ಸರ್ ಇಲ್ಲದಿದ್ದರೆ ದಿನಾ ಸಂಜೆ ಚೈನಿಗೆ ಎಣ್ಣೆ ಹಾಕುವುದು, ಬಿಗಿ ನೋಡುವುದು ಎಲ್ಲ ಸುಲಭ.

ಸದ್ದಿನ ಬಗ್ಗೆ ಎರಡು ಮಾತು. ಗ್ಯಾರೇಜಿನ ಮುಂದೆ ನಿಂತು ಎರಡು ಸಲ ಆಕ್ಸಿಲರೇಟರ್ ತಿರುಗಿಸಿ ಕೇಳಿದರೆ ಎಲ್ಲಾ ಸೈಲೆನ್ಸರೂ ಇಂಪಾಗಿಯೇ ಇರುತ್ತದೆ. ದಿನವಿಡೀ ಒಂದೇ ವೇಗದಲ್ಲಿ ಓಡಿಸುವಾಗ ಕಾಡುವುದು ಬೇರೆ. ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ತಗ್ಗು ದನಿಯ ಗುಂಯ್‌ಗುಡುವಿಕೆ ಶುರುವಾಗುತ್ತದೆ, ಅದು ಎದೆಗೂ ತಲೆಗೂ ಬಡಿಯುತ್ತದೆ. ನೀವು ಓಡಿಸುವ ವೇಗದಲ್ಲೇ ಅದು ಬಂದರೆ ಮೂರನೇ ಗಂಟೆಗೆ ತಲೆನೋವು. ಸೈಲೆನ್ಸರಿನ ಬಾಯಿಗೆ ನಿಮಗಿಂತ ಹತ್ತಿರ ಕೂರುವವರು ಹಿಂದಿನವರು, ಅದೂ ನೆನಪಿರಲಿ. 100 ಕಿ.ಮೀ. ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದೇ 90 ಡೆಸಿಬಲ್ ದಾಟುತ್ತದೆ, ಅದರ ಮೇಲೆ ಇನ್ನಷ್ಟು ಸೇರಿಸುವುದು ಬೇಡ. ಬದಲಾಯಿಸುವುದಾದರೆ ಸದ್ದು ಕಾನೂನಿನ ಮಿತಿಯಲ್ಲಿದೆ ಎಂಬ ಮುದ್ರೆ ಇರುವುದನ್ನೇ ತೆಗೆದುಕೊಳ್ಳಿ. ಕೊಳ್ಳುವ ಮೊದಲು ಅದೇ ಸೈಲೆನ್ಸರ್ ಹಾಕಿದ ಬೈಕನ್ನು ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ. ಸಾಧ್ಯವಾದರೆ ಹಿಂದೆ ಕೂತೂ ನೋಡಿ.

ಭಾರದ ವಿಷಯದಲ್ಲಿ ಮೆಕ್ಯಾನಿಕ್ ಹೇಳಿದ್ದು ಸರಿ. ಕಂಪನಿಯ ಉಕ್ಕಿನ ಸೈಲೆನ್ಸರ್ ಒಂದನ್ನು ಬಿಚ್ಚಿ ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಲಗೇಜು ತೂಗುವ ಕೊಕ್ಕೆ ತಕ್ಕಡಿ ಇದ್ದರೆ ತೂಗಿಯೇ ಬಿಡಿ. ಹೊಸದರ ತೂಕ ಕೇಳುವಾಗ ಬೆಂಡ್ ಪೈಪ್, ಸೇರುವೆ, ಕ್ಲಾಂಪ್ ಎಲ್ಲ ಸೇರಿಸಿ ಕೇಳಿ, ಬರೀ ಸೈಲೆನ್ಸರ್ ತೂಕ ಹೇಳುವ ಅಭ್ಯಾಸ ಇದೆ. ಆದರೆ ಆ ಭಾರ ಇರುವುದು ಕೆಳಗೆ. ನಿಲ್ಲಿಸುವಾಗ, ತಿರುಗಿಸುವಾಗ ಕಷ್ಟ ಕೊಡುವುದು ಮೇಲಿನ ಭಾರ. ಟಾಪ್ ಬಾಕ್ಸಿನಿಂದ ನಾಲ್ಕು ಕೆಜಿ ಸಾಮಾನು ಕಡಿಮೆ ಮಾಡಿದರೆ ಬೈಕ್ ಹಗುರಾದದ್ದು ಅದಕ್ಕಿಂತ ಜಾಸ್ತಿ ಗೊತ್ತಾಗುತ್ತದೆ.

ತುಕ್ಕಿನ ಬಗ್ಗೆ ಹೆದರಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಹತ್ತಿರದ ಓಡಾಟದಲ್ಲಿ ಸೈಲೆನ್ಸರ್ ಪೂರ್ತಿ ಕಾಯದೆ ಆ ನೀರು ಒಳಗೇ ನಿಂತು ತುಕ್ಕು ಹಿಡಿಸುತ್ತದೆ. ದೂರ ಓಡಿಸುವವರಿಗೆ ಆ ಸಮಸ್ಯೆ ಕಡಿಮೆ.

ಬೆಂಡ್ ಪೈಪ್ ಸಮೇತ ಬದಲಾಯಿಸಲು ಹೊರಟರೆ ಇನ್ನೂ ಕೆಲವು ಸಂಗತಿ ಇವೆ. ಪೈಪಿನಲ್ಲಿ ಆಮ್ಲಜನಕ ಅಳೆಯುವ ಸೆನ್ಸರ್ ಇರುತ್ತದೆ, ಕೆಲವು ಬೈಕಿನಲ್ಲಿ ಎರಡು. ಹೊಸ ಪೈಪಿನಲ್ಲಿ ಅಷ್ಟೂ ಸೆನ್ಸರಿಗೆ ಜಾಗ ಇದೆಯಾ ನೋಡಿ. ಸೆನ್ಸರಿಗಿಂತ ಮುಂಚೆ ಎಲ್ಲಾದರೂ ಸಂದಿ ಬಿಟ್ಟು ಹೊರಗಿನ ಗಾಳಿ ಒಳಗೆ ಬಂದರೆ, ಪೆಟ್ರೋಲ್ ಸಾಲದು ಎಂದು ಇಸಿಯು (ಪೆಟ್ರೋಲ್ ಎಷ್ಟು ಬಿಡಬೇಕೆಂದು ಲೆಕ್ಕ ಹಾಕುವ ಕಂಪ್ಯೂಟರ್) ತಪ್ಪು ತಿಳಿದು ಇನ್ನಷ್ಟು ಸುರಿಯುತ್ತದೆ. ಮೈಲೇಜ್ ಬಿದ್ದುಹೋಗುತ್ತದೆ, ಕಾರಣ ಹುಡುಕಲು ತಿಂಗಳು ಬೇಕು. ಹೊಗೆಯಲ್ಲಿನ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಪೈಪ್ ಬಹಳ ದೇಶಗಳಲ್ಲಿ ರಸ್ತೆಗೆ ಇಳಿಯುವಂತಿಲ್ಲ. ಇಳಿಯಬಹುದಾದರೂ ಬೇಡ, ಹಿಂದೆ ಬರುವವರೂ ಉಸಿರಾಡಬೇಕು. ಮತ್ತೆ ಸೆಂಟರ್ ಸ್ಟ್ಯಾಂಡ್. ಎಷ್ಟೋ ಬೈಕಿನಲ್ಲಿ ಸ್ಟ್ಯಾಂಡ್ ಮೇಲಕ್ಕೆದ್ದಾಗ ಒರಗುವ ರಬ್ಬರ್ ಬುಡ್ಡಿ ಇರುವುದು ಸೈಲೆನ್ಸರಿನ ಮೈಮೇಲೆ. ಆ ಸೈಲೆನ್ಸರ್ ಹೋದರೆ ಸ್ಟ್ಯಾಂಡಿಗೆ ಆಸರೆ ಇಲ್ಲ, ಮೇಲಕ್ಕೆ ಹೋಗಿ ಚೈನಿಗೋ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿಗೋ ಬಡಿಯುತ್ತದೆ. ಪಂಕ್ಚರ್ ಹಾಕಲು ಸೆಂಟರ್ ಸ್ಟ್ಯಾಂಡ್ ಬೇಕೇ ಬೇಕು, ಅದನ್ನು ಕಳೆದುಕೊಂಡು ಸೈಲೆನ್ಸರ್ ಹಾಕಿಸಬೇಡಿ.

ಈಗ ನೇರ ಉತ್ತರ. ನಿಮ್ಮ ಸೈಲೆನ್ಸರುಗಳು ಚೆನ್ನಾಗಿದ್ದು, ಪೈಪ್‌ಗಳು ಕೆಳಗೆ ಆಗಲೇ ಸೇರಿಕೊಂಡಿದ್ದು, ಆಕ್ಸಲ್ ಅಡ್ಡಿಯಿಲ್ಲದೆ ಬರುವುದಾದರೆ ಎರಡನ್ನೂ ಹಾಗೇ ಬಿಡಿ. ಆ ಹಣ ಒಳ್ಳೆ ರ‍್ಯಾಕಿಗೂ, ಇಬ್ಬರ ಭಾರ ತಡೆಯುವಂಥ ಹಿಂದಿನ ಸಸ್ಪೆನ್ಶನ್ನಿಗೂ ಹೋಗಲಿ. ಲಗೇಜು ಹೇರಿದಾಗ ಪಿಕಪ್ ಕಡಿಮೆ ಅನ್ನಿಸುತ್ತಿದ್ದರೆ ಮೊದಲು ಏರ್ ಫಿಲ್ಟರ್, ಚೈನ್, ಟೈರಿನ ಗಾಳಿ ನೋಡಿಸಿ. ಪೈಪ್‌ಗಳು ಪೂರ್ತಿ ಬೇರೆ ಬೇರೆಯಾಗಿದ್ದು, ಒಂದು ಸೈಲೆನ್ಸರ್ ಜಜ್ಜಿಯೋ ತೂತಾಗಿಯೋ ಹೇಗೂ ಬದಲಾಯಿಸಬೇಕಾಗಿದ್ದರೆ, ಅಥವಾ ಕಲ್ಲು ಮಣ್ಣಿನ ದಾರಿಯಲ್ಲಿ ಜಾಸ್ತಿ ಹೋಗುವುದಾದರೆ, ನಿಮ್ಮ ಮಾಡೆಲ್ಲಿಗೇ ಮಾಡಿದ, ಬಲಗಡೆ ತಗ್ಗಾಗಿ ಕೂರುವ ಒಂದೇ ಸೈಲೆನ್ಸರಿನ ಸೆಟ್ ಹಾಕಿಸಿ. ಇಸಿಯು ಟ್ಯೂನಿಂಗ್ ಬೇಕಾ ಎಂದು ಮಾಡಿದವರನ್ನೇ ಕೇಳಿ.

ಯಾವುದೇ ಆದರೂ ಹೊರಡುವುದಕ್ಕೆ ಎರಡು ವಾರ ಮುಂಚೆ ಕೆಲಸ ಮುಗಿಸಿ. ಇಬ್ಬರೂ ಕೂತು, ಪೂರ್ತಿ ಲಗೇಜು ಹೇರಿ 200-300 ಕಿ.ಮೀ. ಹೋಗಿಬನ್ನಿ. ಮಾರನೇ ದಿನ ಬೈಕ್ ತಣ್ಣಗಿರುವಾಗ ಸಿಲಿಂಡರ್ ಹತ್ತಿರದ ನಟ್, ಕ್ಲಾಂಪ್, ಮೌಂಟಿಂಗ್ ಬೋಲ್ಟ್ ಎಲ್ಲ ಇನ್ನೊಮ್ಮೆ ನೋಡಿ, ಕಾದು ತಣಿದ ಹೊಸ ಗ್ಯಾಸ್ಕೆಟ್ ಸ್ವಲ್ಪ ಕೂತು ಬಿಗಿ ಸಡಿಲಾಗಿರುತ್ತದೆ. ಸೇರುವೆಗಳ ಸುತ್ತ ಕಪ್ಪು ಮಸಿ ಕಂಡರೆ ಅಲ್ಲಿ ಸೋರುತ್ತಿದೆ. ಕ್ಲಾಂಪ್ ಬೋಲ್ಟುಗಳಿಗೆ ಶಾಖ ತಡೆಯುವ ಗ್ರೀಸ್ ಹಚ್ಚಿ ಹಾಕಿ, ಅದಕ್ಕೆ ಸರಿಹೋಗುವ ಸ್ಪ್ಯಾನರ್ ಟೂಲ್ ಕಿಟ್ಟಿನಲ್ಲಿ ಇದೆಯಾ ಎಂದು ಅದೇ ದಿನ ನೋಡಿಕೊಳ್ಳಿ.